ಎರಡು ಕೆಲಸ, ಒಂದೇ ಜೊತೆ ಬೂಟು

ಅತ್ತೆಯ ಕೆಲಸವನ್ನು ಎರಡು ತುಂಡು ಮಾಡಿದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅತ್ತೆಯೇ.

ಆವತ್ತು ಲಾಂಡ್ರಿಯ ಸಾಹೇಬರು ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿಸಿ ಅದರ ಮೇಲೆ ನಿಂತಿದ್ದರು. ನೆಲದ ತುಂಬ ನೀರು, ಅವರ ಕಾಲಲ್ಲಿ ಹೊಳೆಯುವ ಷೂ. “ಇಷ್ಟು ದಿನ ಒಬ್ಬರಿಗೆ ಕೆಲಸ ಕೊಡುತ್ತಿದ್ದ ಜಾಗದಲ್ಲಿ ಇನ್ನು ಮೇಲೆ ಇಬ್ಬರಿಗೆ ಕೊಡುತ್ತೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ ಕರೆದುಕೊಂಡು ಬನ್ನಿ” ಎಂದರು. ಅತ್ತೆಯ ಮನೆಯಲ್ಲಿ ಸುಮ್ಮನೆ ಕೂತವಳು ಒಬ್ಬಳಿದ್ದಳು, ಸೊಸೆ. ಅಂದರೆ ಅತ್ತೆಯ ಲೆಕ್ಕದಲ್ಲಿ ಸುಮ್ಮನೆ ಕೂತವಳು. ಅಡುಗೆ, ಪಾತ್ರೆ, ಕಸ, ನೀರು ಇವೆಲ್ಲ ಅತ್ತೆಯಂದಿರ ಲೆಕ್ಕಕ್ಕೆ ಯಾವ ಕಾಲಕ್ಕೂ ಬಂದಿಲ್ಲ. ಮಾರನೆಯ ಬೆಳಗ್ಗೆಯೇ ಅವಳನ್ನು ಹೊರಡಿಸಿಕೊಂಡು ಹೋಗಿ ಮೇಸ್ತ್ರಿಯ ಮುಂದೆ ನಿಲ್ಲಿಸಿದಳು.

ಮೇಸ್ತ್ರಿ ಸೊಸೆಯ ತೋಳು, ರಟ್ಟೆ ನೋಡಿದ. “ಆಯ್ತು. ಬೆಳಗ್ಗೆ ನೀನು, ಮಧ್ಯಾಹ್ನ ಇವಳು.”

“ಮತ್ತೆ ನನ್ನ ಮಧ್ಯಾಹ್ನ?”

“ಅದನ್ನೇ ಇವಳಿಗೆ ಕೊಟ್ಟಿದ್ದು.”

“ಸಂಬಳ?”

“ಅರ್ಧ ದಿನಕ್ಕೆ ಅರ್ಧ. ಅದರಲ್ಲಿ ಕೇಳೋದೇನಿದೆ?”

ಅತ್ತೆಗೆ ತಾನು ಚಪ್ಪಾಳೆ ತಟ್ಟಿದ ಕೈಗೆ ಬರೆ ಎಳೆದುಕೊಳ್ಳಬೇಕು ಅನ್ನಿಸಿದ್ದು ಆಗ. ಹಾಗೆ ನೋಡಿದರೆ ಎಳೆದುಕೊಳ್ಳುವ ಅಗತ್ಯವಿರಲಿಲ್ಲ. ಅವಳ ಎರಡು ಕೈಗೂ ಮಣಿಕಟ್ಟಿನಿಂದ ಮೊಳಕೈವರೆಗೆ ಬರೆಗಳಿದ್ದವು. ಆಸ್ಪತ್ರೆ ಮತ್ತು ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿ ಅದು. ಒಗೆದ ಹಸಿ ಬಟ್ಟೆಯನ್ನು ಇಸ್ತ್ರಿ ರೋಲರಿನ ಬಾಯಿಗೆ ಕೊಡುವುದು ಅತ್ತೆಯ ಕೆಲಸ. ರೋಲರ್ ಅಂದರೆ ಆಳೆತ್ತರಕ್ಕಿಂತ ಉದ್ದದ ಕಬ್ಬಿಣದ ಉರುಳೆ, ಹೊಟ್ಟೆಯ ತುಂಬ ಕುದಿಯುವ ಹಬೆ. ಈ ತುದಿಯಲ್ಲಿ ಒಬ್ಬಳು, ಆ ತುದಿಯಲ್ಲಿ ಇನ್ನೊಬ್ಬಳು ಬಟ್ಟೆಯ ಮೂಲೆ ಹಿಡಿದು, ಜಗ್ಗಿ, ಬಿಡಿಸಿ, ನೇರಕ್ಕೆ ಬಾಯಿಗಿಡಬೇಕು. ಬಿಡುವುದು ಕೊಂಚ ತಡವಾದರೆ ಚರ್ಮ ಅಂಟಿಕೊಳ್ಳುತ್ತದೆ. ನೆಲದಲ್ಲಿ ಬ್ಲೀಚಿನ ನೀರು ಸದಾ ಹರಿಯುತ್ತದೆ. ಬರಿಗಾಲಲ್ಲಿ ನಿಂತರೆ ಸಂಜೆಯೊಳಗೆ ಬೆರಳ ಸಂದುಗಳು ಬೆಂದು ಬಾಯಿಬಿಡುತ್ತವೆ. ಅದಕ್ಕೇ ಬೂಟು.

ಬೂಟಿನ ವಿಷಯ ಬಂತಲ್ಲ, ಅದನ್ನು ಸರಿಯಾಗಿ ಹೇಳಬೇಕು. ಲಾಂಡ್ರಿಯಲ್ಲಿ ಬೂಟು ಕೊಡುವುದು ಆಳಿಗೆ ಅಲ್ಲ, ಜಾಗಕ್ಕೆ. ರೋಲರಿನ ಎಡತುದಿಗೆ ಒಂದು ಜೊತೆ, ಬಲತುದಿಗೆ ಒಂದು ಜೊತೆ, ಮಡಿಸುವ ಮೇಜಿಗೆ ಇಷ್ಟು, ಕೊಳೆಬಟ್ಟೆ ಬಿಚ್ಚುವ ಕಟ್ಟೆಗೆ ಇಷ್ಟು. ಆಳುಗಳನ್ನು ದುಪ್ಪಟ್ಟು ಮಾಡಿದಾಗ ಜಾಗ ಅಷ್ಟೇ ಇತ್ತು. ಜಾಗ ಅಷ್ಟೇ ಇದ್ದ ಮೇಲೆ ಬೂಟೂ ಅಷ್ಟೇ. ದಿನಾ ಮಧ್ಯಾಹ್ನ ಸೀಟಿ ಊದಿದ ತಕ್ಷಣ ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಕಳಚುತ್ತಾಳೆ, ಪಕ್ಕದಲ್ಲೇ ಕಾದು ನಿಂತ ಸೊಸೆ ಕಾಲು ತೂರಿಸುತ್ತಾಳೆ. ಒಳಗೆ ಅತ್ತೆಯ ಬೆವರು ಇನ್ನೂ ಬಿಸಿಬಿಸಿಯಾಗಿರುತ್ತದೆ.

“ಥೂ, ಅತ್ತೆ! ಇದರೊಳಗೆ ಏನಾದ್ರೂ ಸತ್ತಿದೆಯಾ?” ಎಂದು ಸೊಸೆ ಮೂಗು ಮುಚ್ಚಿಕೊಳ್ಳುತ್ತಾಳೆ.

“ನನ್ನ ಆಯಸ್ಸು ಸತ್ತಿದೆ. ಹಾಕ್ಕೊಂಡು ಹೋಗೇ, ಮಹಾರಾಣಿ.”

ಸೊಸೆಯ ಪಾದ ಚಿಕ್ಕದು. ಹರಿದ ದಿಂಬುಚೀಲದ ತುಂಡುಗಳನ್ನು ತುರುಕಿಕೊಂಡು ದಬದಬ ನಡೆಯುತ್ತಾಳೆ. ಸಡಿಲ ಬೂಟಿನೊಳಗೆ ನೀರು ನುಗ್ಗಿ ಬೆರಳು ಬೇಯುವುದಂತೂ ತಪ್ಪುವುದಿಲ್ಲ. ಮನೆಯಲ್ಲಿ ಒಂದು ಬಟ್ಟಲು ಹಂಚಿಕೊಳ್ಳದ ಅತ್ತೆಸೊಸೆಯರು ಹೀಗೆ ಬೂಟು ಹಂಚಿಕೊಂಡಿದ್ದರು. ಸೊಸೆ ದಿನಾ ಮೆಟ್ಟಿಲ ಹತ್ತಿರ “ಅತ್ತೆ, ಅತ್ತೆ” ಎಂದು ಜಗಳಕ್ಕೆ ನಿಲ್ಲುತ್ತಿದ್ದುದರಿಂದ ಲಾಂಡ್ರಿಯವರೆಲ್ಲ ಅವಳನ್ನು ಅತ್ತೆ ಎಂದೇ ಕರೆಯತೊಡಗಿದರು. ತನಗಿಂತ ಹಿರಿಯ ಬಾಯ್ಲರಿನವನೂ ಅತ್ತೆ ಎಂದಾಗ ಅವಳು, “ನಿನಗೆ ಹೆಣ್ಣು ಕೊಡೋ ಗ್ರಹಚಾರ ನನಗೆ ಬಂದಿಲ್ಲ” ಎಂದಿದ್ದಳು.

ಎರಡು ಅರ್ಧ ಸೇರಿದರೆ ಒಂದು ಆಗಬೇಕು. ಅತ್ತೆಯ ಮನೆಯಲ್ಲಿ ಆಗಲಿಲ್ಲ. ಮೊದಲು ಪೂರ್ತಿ ದಿನದವಳಿಗೆ ವಾರಕ್ಕೊಂದು ರಜೆಯ ಸಂಬಳವಿತ್ತು, ಮಧ್ಯಾಹ್ನ ಊಟವಿತ್ತು, ಜ್ವರ ಬಂದರೆ ಮಲಗುವ ಹಕ್ಕಿತ್ತು. ಅರ್ಧ ದಿನದವಳಿಗೆ ಅದಾವುದೂ ಇಲ್ಲ. ಅರ್ಧ ದಿನದವಳಿಗೆ ಜ್ವರ ಬಂದರೆ ಉಳಿದ ಅರ್ಧ ದಿನದಲ್ಲಿ ಬರಿಸಿಕೊಂಡು ಮುಗಿಸಬೇಕು. ಮೇಲಿಂದ ರೋಲರಿನ ವೇಗ ಹೆಚ್ಚಿಸಿದರು. ಅರ್ಧ ದಿನ ಅಂದರೆ ಆಯಾಸವೂ ಅರ್ಧ ತಾನೇ, ಕೈ ಚುರುಕಾಗಿರುತ್ತದೆ ಎಂದು ಸಾಹೇಬರ ವಾದ. ಅತ್ತೆ ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತರೆ ಭುಜ ಮೇಲೇಳುತ್ತಿರಲಿಲ್ಲ. ಸೊಸೆ ಸಂಜೆ ಬಂದು ಎದುರು ಗೋಡೆಗೆ ಒರಗುತ್ತಿದ್ದಳು. ರಾತ್ರಿ ಪಾಳಿಯ ಕಾವಲುಗಾರನಾಗಿದ್ದ ಮಗ ಇಬ್ಬರ ನಡುವೆ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದ. ಮೂರು ಜನ ದುಡಿಯುವ ಮನೆ. ತಿಂಗಳ ಕೊನೆಯ ವಾರ ಸಾರಿಗೆ ನೀರು ಬೆರೆಸುವುದು ಸೊಸೆಗೆ ಕಣ್ಣುಮುಚ್ಚಿಕೊಂಡೂ ಬರುತ್ತಿತ್ತು.

ಹೀಗಿರುವಾಗ ಲಾಂಡ್ರಿಗೆ ಮಂತ್ರಿಗಳು ಬರುತ್ತಾರೆ ಎಂಬ ಸುದ್ದಿ ಬಂತು. ಒಂದೇ ವರ್ಷದಲ್ಲಿ ಉದ್ಯೋಗವನ್ನು ದುಪ್ಪಟ್ಟು ಮಾಡಿದ್ದಕ್ಕೆ ಸಾಹೇಬರಿಗೆ ಸನ್ಮಾನವಂತೆ. ಅಂಗಳದಲ್ಲಿ ವೇದಿಕೆ ಎದ್ದಿತು. ಮೇಸ್ತ್ರಿ ಅತ್ತೆಯನ್ನು ಮೂಲೆಗೆ ಕರೆದ. ಸದಾ ಸೀಟಿ ಬಾಯಲ್ಲೇ ಇಟ್ಟುಕೊಂಡು ತಿರುಗುವ ಅವನಿಗೆ ಹೆಂಗಸರು ಇಟ್ಟ ಹೆಸರು ಪೀಪಿ. ಮುಂದಿನಿಂದ ಮೇಸ್ತ್ರಿ, ಬೆನ್ನ ಹಿಂದೆ ಪೀಪಿ.

“ನೋಡಮ್ಮ, ವೇದಿಕೆ ಮೇಲೆ ಒಬ್ಬರು ಮಾತಾಡಬೇಕು. ಸಾಹೇಬರು ನಿನ್ನ ಹೆಸರೇ ಹೇಳಿದ್ರು. ಅತ್ತೆ ಸೊಸೆ ಇಬ್ಬರಿಗೂ ಕೆಲಸ ಸಿಕ್ತು, ಬಾಳು ಬೆಳಗಿತು, ಅಷ್ಟು ಹೇಳಿದ್ರೆ ಸಾಕು.”

“ಹೇಳಿದ್ರೆ ನನಗೇನು ಸಿಗುತ್ತೆ?”

ಪೀಪಿ ಆಚೀಚೆ ನೋಡಿ ದನಿ ತಗ್ಗಿಸಿದ. “ನಿನ್ನ ಪೂರ್ತಿ ದಿನ ವಾಪಸ್ಸು. ಊಟ, ರಜೆ, ಎಲ್ಲ. ಸೊಸೆ ಕೆಲಸಕ್ಕೂ ಬೇರೆ ಜಾಗ ನೋಡೋಣ.”

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪೂರ್ತಿ ದಿನ! ಹಳೆಯ ಸಂಬಳ, ಮಧ್ಯಾಹ್ನದ ಬಿಸಿ ಊಟ, ವಾರಕ್ಕೊಮ್ಮೆ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಬಿದ್ದುಕೊಳ್ಳುವ ಸುಖ. ನಾಲ್ಕು ಸುಳ್ಳು ಮಾತಿಗೆ ಇಷ್ಟು ಸಿಗುವುದಾದರೆ ನಲವತ್ತು ಹೇಳಲೂ ಅವಳು ತಯಾರಿದ್ದಳು. ಮದುವೆ ಮಾತುಕತೆಯಲ್ಲಿ ಮಗನ ಬಗ್ಗೆ ಇದಕ್ಕಿಂತ ದೊಡ್ಡ ಸುಳ್ಳು ಹೇಳಿದವಳು ಅವಳು.

ಸಂಜೆ ಮನೆಯಲ್ಲಿ ತಾಲೀಮು ನಡೆಯಿತು. ಅತ್ತೆ ಒಲೆಯ ಮುಂದೆ ನಿಂತು ಸೌಟನ್ನು ಮೈಕಿನಂತೆ ಹಿಡಿದಳು.

“ನಮ್ಮ ಮನೆಯಲ್ಲಿ ಮೊದಲು ಒಬ್ಬರಿಗೆ ಕೆಲಸ ಇತ್ತು, ಈಗ ಇಬ್ಬರಿಗಿದೆ. ನಮ್ಮ ಬಾಳು ಬೆಳಗಿದೆ.”

“ಬೆಳಗಿದೆ ಅನ್ನೋವಾಗ ಸ್ವಲ್ಪ ನಗಿ, ಅತ್ತೆ. ಹೆಣದ ಮುಂದೆ ನಿಂತ ಹಾಗಿದ್ದೀರಿ” ಎಂದಳು ಸೊಸೆ.

“ನಗು ಬಂದ್ರೆ ತಾನೇ ನಗೋದು.”

ಕೆಲಸಕ್ಕೆ ಹೊರಡಲು ಎದ್ದ ಮಗ ಕಣ್ಣುಜ್ಜಿಕೊಳ್ಳುತ್ತ, “ನನ್ನ ಕಾವಲು ಕೆಲಸಾನೂ ಎರಡು ಮಾಡ್ತಾರಂತೆ. ಒಬ್ಬ ಕಣ್ಣು ಬಿಟ್ಕೊಂಡಿರೋದು, ಇನ್ನೊಬ್ಬ ಲಾಠಿ ಹಿಡ್ಕೊಂಡಿರೋದು” ಎಂದ. ಮೂವರೂ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದ ಮೇಲೆ ಸೊಸೆ ಮೆಲ್ಲಗೆ, “ನನಗೆ ಬೇರೆ ಜಾಗ ಅಂದ್ರಲ್ಲ, ಅದು ಎಲ್ಲಿ?” ಎಂದು ಕೇಳಿದಳು. ಅತ್ತೆ ಸೌಟನ್ನು ಪಾತ್ರೆಗೆ ಹಾಕಿ ತಿರುವತೊಡಗಿದಳು. ಅವಳಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಸಮಾರಂಭದ ಬೆಳಗ್ಗೆ ಎರಡು ಪಾಳಿಯವರೂ ಒಟ್ಟಿಗೆ ಬರಬೇಕೆಂದು ಅಪ್ಪಣೆಯಾಗಿತ್ತು. ದುಪ್ಪಟ್ಟು ಅಂದ ಮೇಲೆ ದುಪ್ಪಟ್ಟು ಜನ ಕಾಣಬೇಕಲ್ಲ! ಎಲ್ಲರೂ ಏಪ್ರನ್ನು, ಬೂಟು ಹಾಕಿಕೊಂಡು ಸಾಲಾಗಿ ನಿಲ್ಲಬೇಕು, ಫೋಟೋ ತೆಗೆಯುತ್ತಾರೆ. ಏಪ್ರನ್ನು ಬಾಡಿಗೆಗೆ ತರಿಸಿದ್ದರು. ಬೂಟಿನ ವಿಷಯ ಪೀಪಿಯ ತಲೆಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಅವನು ಇದುವರೆಗೆ ಆ ಎರಡು ಪಾಳಿಯವರನ್ನು ಒಟ್ಟಿಗೆ ನೋಡಿದ್ದೇ ಬಾಗಿಲ ಮೆಟ್ಟಿಲ ಮೇಲೆ, ಅದೂ ಒಂದು ಗಳಿಗೆ.

ಬೂಟಿನ ಕಪಾಟಿನ ಮುಂದೆ ನೂಕುನುಗ್ಗಲಾಯಿತು. “ನನ್ನದು ಕೊಡೇ” ಎಂದಳು ಅತ್ತೆ. “ನನ್ನದೂ ಹೌದು” ಎಂದಳು ಸೊಸೆ. ಇಬ್ಬರೂ ಒಂದೊಂದು ಬೂಟು ಹಿಡಿದು ಜಗ್ಗಾಡಿದರು. ಕೊನೆಗೆ ಸೊಸೆ ಬಲಗಾಲಿನದನ್ನು ಹಾಕಿಕೊಂಡು, “ಎಡಗಾಲಿಂದು ನೀವಿಟ್ಕೊಳ್ಳಿ, ಸರಿಹೋಯ್ತು” ಎಂದಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ರೋಲರಿನ ಆ ತುದಿಯ ಕೆಮ್ಮಕ್ಕ ಇವರನ್ನು ನೋಡಿ ಕೆಮ್ಮುತ್ತಲೇ ತನ್ನ ನಾದಿನಿಗೆ ಒಂದು ಬೂಟು ಎಸೆದಳು. ಅವರಿಗೂ ಒಂದೇ ಜಾಗ, ಒಂದೇ ಜೊತೆ. ಸ್ವಲ್ಪ ಹೊತ್ತಿನಲ್ಲಿ ಸಾಲಿಗೆ ಸಾಲೇ ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಅದರಲ್ಲಿ ಯಾವ ಪ್ರತಿಭಟನೆಯೂ ಇರಲಿಲ್ಲ. ಇದ್ದುದನ್ನು ಹಂಚಿಕೊಂಡು ರೂಢಿಯಾದವರು ಇದ್ದುದನ್ನು ಹಂಚಿಕೊಂಡಿದ್ದರು, ಅಷ್ಟೇ.

ಪೀಪಿ ಬಂದು ನೋಡಿದ. ಅವನ ಬಾಯಿಂದ ಸೀಟಿ ಕಳಚಿ ಎದೆಯ ಮೇಲೆ ನೇತಾಡಿತು.

“ಏನ್ರೇ ಇದು? ಕುಂಟರ ಮೆರವಣಿಗೆನಾ? ಮಂತ್ರಿಗಳ ಕಾರು ತಿರುವಿಗೆ ಬಂದಾಗಿದೆ! ಮಧ್ಯಾಹ್ನದವರು ಬೂಟು ಬಿಚ್ಚಿ ಬೆಳಗಿನವರಿಗೆ ಕೊಡಿ. ಕೊಟ್ಟು ಬಾಯ್ಲರಿನ ಹಿಂದೆ ಹೋಗಿ. ಒಬ್ಬರ ತಲೆಯೂ ಕಾಣಬಾರದು.”

“ತಲೆ ತೋರಿಸೋಕೆ ತಾನೇ ಕರೆಸಿದ್ದು?” ಎಂದಳು ಸೊಸೆ.

ಪೀಪಿ ಒಂದೇ ಹೆಜ್ಜೆಗೆ ಅವಳ ಮುಂದೆ ಬಂದ. ಬಗ್ಗಿ ಅವಳ ಕಾಲು ಹಿಡಿದು ಬೂಟನ್ನು ಜಗ್ಗಿದ. ಸೊಸೆ ಆಯ ತಪ್ಪಿ ಹಿಂದಕ್ಕೆ ಬಿದ್ದಳು. ಬಿದ್ದದ್ದು ಕೊಳೆಬಟ್ಟೆ ಕಟ್ಟೆಯ ಚರಂಡಿಯಲ್ಲಿ. ಆಸ್ಪತ್ರೆಯ ರಕ್ತ, ಕೀವು, ಉಚ್ಚೆ ತೊಳೆದ ನೀರು ಅವಳ ಸೊಂಟದವರೆಗೆ ಮೆತ್ತಿತು. ಕ್ಯಾಮೆರಾ ಹಿಡಿದು ಬಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಬೂಟಿನೊಳಗಿಂದ ದಿಂಬುಚೀಲದ ತುಂಡುಗಳು ಉದುರಿದವು. ಬೆಂದು ಬಿರಿದ ಬೆರಳುಗಳ ಆ ಪಾದವನ್ನು ಸೊಸೆ ಗಬಕ್ಕನೆ ಇನ್ನೊಂದು ಕಾಲಿನ ಕೆಳಗೆ ಮುಚ್ಚಿಕೊಂಡಳು. ತನ್ನ ಬೆತ್ತಲೆಯನ್ನು ಮುಚ್ಚಿಕೊಂಡ ಹಾಗೆ.

ಪೀಪಿ ಆ ಬೂಟನ್ನು ಅತ್ತೆಯ ಮುಂದೆ ಒಗೆದ. “ಹಾಕ್ಕೋ. ವೇದಿಕೆಗೆ ನಡಿ.”

ಬೇರೆ ದಿನವಾಗಿದ್ದರೆ ಸೊಸೆ ಚರಂಡಿಯಲ್ಲಿ ಬಿದ್ದುದಕ್ಕೆ ಅತ್ತೆ ವಾರಗಟ್ಟಲೆ ನಗುತ್ತಿದ್ದಳು. ಇವತ್ತು ಬಗ್ಗಿ ಉದುರಿದ ದಿಂಬುಚೀಲದ ತುಂಡುಗಳನ್ನು ಆಯ್ದುಕೊಂಡಳು. ಸೊಸೆ ಎದ್ದು ನಿಂತು ಏಪ್ರನ್ನಿನಿಂದ ಕೈ ಒರೆಸಿಕೊಂಡಳು. “ಹೋಗಿ ಅತ್ತೆ. ಚೆನ್ನಾಗಿ ಮಾತಾಡಿ. ನಿಮ್ಮ ಪೂರ್ತಿ ದಿನ ಬರ್ಲಿ. ಮನೆಗೆ ಅದಾದ್ರೂ ಆಗುತ್ತೆ” ಎಂದು ಬಾಯ್ಲರಿನ ಕಡೆ ನಡೆದಳು. ಅವಳ ಹಿಂದೆ ಉಳಿದ ಮಧ್ಯಾಹ್ನದವರೂ ಹೋದರು. ಬಯ್ದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಈ ಮಾತು ತಡೆದುಕೊಳ್ಳಲಾಗಲಿಲ್ಲ.

ವೇದಿಕೆಯ ಮೇಲೆ ಸಾಹೇಬರು ಮಾತಾಡಿದರು, ಮಂತ್ರಿಗಳು ಮಾತಾಡಿದರು. ಉದ್ಯೋಗ ಸೃಷ್ಟಿ, ಉದ್ಯೋಗ ಸೃಷ್ಟಿ ಎಂದು ಎಷ್ಟು ಸಲ ಹೇಳಿದರೆಂದರೆ ಇವರಿಬ್ಬರೇ ಕೂತು ಹೆತ್ತಿದ್ದಾರೇನೋ ಅನ್ನಿಸಬೇಕು. ಕೊನೆಗೆ ಅತ್ತೆಯ ಕೈಗೆ ಮೈಕು ಬಂತು. ಮಂತ್ರಿಗಳು ಕುರ್ಚಿಯಿಂದಲೇ ಮುಂದೆ ಬಾಗಿ, “ಹೇಳಮ್ಮಾ, ಎಷ್ಟು ಸಂತೋಷವಾಗಿದೆ?” ಎಂದರು.

ಅತ್ತೆ ಬಾಯಿ ತೆರೆದಳು. ತಾಲೀಮು ಮಾಡಿದ ಮಾತು ಗಂಟಲವರೆಗೆ ಬಂದು ನಿಂತಿತು. ಪೂರ್ತಿ ದಿನವೂ ಅದರ ಹಿಂದೆಯೇ ನಿಂತಿತ್ತು, ಬಿಸಿ ಊಟದ ಸಮೇತ. ಅವಳು ಬಾಯ್ಲರಿನ ಕಡೆ ನೋಡಿದಳು.

“ಅರ್ಧ” ಎಂದಳು.

“ಏನಂದೆ?”

“ಸಂತೋಷ ಅರ್ಧ ಆಗಿದೆ, ಸ್ವಾಮಿ. ಮಿಕ್ಕರ್ಧ ಬಾಯ್ಲರಿನ ಹಿಂದೆ ನಿಂತಿದೆ. ಏ ಬಾರೇ ಇಲ್ಲಿ!” ಮೈಕಿನಲ್ಲಿ ಅವಳ ದನಿ ತಗಡಿನ ಸೂರಿಗೆ ಬಡಿಯಿತು. “ಎಲ್ಲರೂ ಬನ್ರೇ! ಯಾರ ಅಪ್ಪನ ಮನೆಯಿಂದ ಏನು ಕದ್ದು ತಂದಿದ್ದೀರಿ ಅಂತ ಅವಿತ್ಕೊಂಡಿದ್ದೀರಿ?”

ಬಾಯ್ಲರಿನ ಹಿಂದಿನಿಂದ ಮೊದಲು ಸೊಸೆ ಬಂದಳು. ಮೊಣಕಾಲಿನ ಕೆಳಗೆ ಇನ್ನೂ ಚರಂಡಿ ಸೋರುತ್ತಿತ್ತು. ಆಮೇಲೆ ಕೆಮ್ಮಕ್ಕನ ನಾದಿನಿ, ಆಮೇಲೆ ಉಳಿದವರು. ಎಲ್ಲರದೂ ಬರಿಗಾಲು.

“ನೋಡಿ ಸ್ವಾಮಿ. ತಲೆ ಎಣಿಸಿದ್ರೆ ದುಪ್ಪಟ್ಟು. ತಲೆ ಎಣಿಸಬೇಡಿ, ಕಾಲು ಎಣಿಸಿ. ಬೂಟು ಮೊದಲು ಎಷ್ಟಿತ್ತೋ ಅಷ್ಟೇ. ನನ್ನ ಕೆಲಸ ಸೀಳಿ ಅರ್ಧ ನನಗೆ ಕೊಟ್ಟು, ಅರ್ಧ ನನ್ನ ಸೊಸೆಗೆ ಕೊಟ್ರು. ಊಟ, ರಜೆ, ಕಾಯಿಲೆ ಸಂಬಳ ಇವನ್ನ ಸೀಳೋಕಾಗಲ್ಲ ನೋಡಿ, ಅದಕ್ಕೇ ಅವರೇ ಇಟ್ಕೊಂಡ್ರು. ಸಾಹೇಬರ ಕುರ್ಚಿ ಯಾಕೆ ಸೀಳಲಿಲ್ಲ? ಅರ್ಧ ಅವರು ಕೂತ್ಕೊಳ್ಳಲಿ, ಅರ್ಧ ಅವರ ಅತ್ತೆ ಕೂತ್ಕೊಳ್ಳಲಿ.”

ಹೆಂಗಸರು ಗೊಳ್ಳೆಂದರು. ಅದಕ್ಕಿಂತ ವಿಚಿತ್ರವೆಂದರೆ ಮಂತ್ರಿಗಳೂ ನಕ್ಕರು. ಹೊಟ್ಟೆ ಕುಣಿಸಿ ನಕ್ಕು, “ನಿಮ್ಮ ಕೆಲಸಗಾರರು ಎಷ್ಟು ಲವಲವಿಕೆಯಿಂದ ಇದ್ದಾರೆ!” ಎಂದು ಸಾಹೇಬರ ಬೆನ್ನು ತಟ್ಟಿ, ಮುಂದಿನ ವರ್ಷ ಮೂರು ಪಟ್ಟು ಮಾಡಿ ಎಂದು ಹರಸಿ ಕಾರು ಹತ್ತಿದರು. ಸಾಹೇಬರು ಇಂಗು ತಿಂದ ಮಂಗನಂತೆ ಹಾರ ಹಿಡಿದುಕೊಂಡು ನಿಂತಿದ್ದರು.

ಕಾರಿನ ದೂಳು ಅಡಗುವ ಮುಂಚೆಯೇ ಪೀಪಿ ಸೀಟಿ ಊದಿದ. “ಬೆಳಗಿನವರು ಒಳಗೆ! ಮಧ್ಯಾಹ್ನದವರು ಹೊರಗೆ! ಆಸ್ಪತ್ರೆ ಬಟ್ಟೆ ರಾಶಿ ಬಿದ್ದಿದೆ.”

ಅತ್ತೆ ಕದಲಲಿಲ್ಲ. ಕೆಮ್ಮಕ್ಕ ಅತ್ತೆಯನ್ನು ನೋಡಿ ತಾನೂ ಕದಲಲಿಲ್ಲ. ಪೀಪಿ ಮತ್ತೆ ಊದಿದ. ಕೆನ್ನೆ ಉಬ್ಬಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಆಗ ಸಾಹೇಬರೇ ಇಳಿದು ಬಂದರು. ಕೆರಳಿರಲಿಲ್ಲ. ಕೆರಳಿದ್ದರೆ ಒಳ್ಳೆಯದಿತ್ತು. ಅತ್ತೆಯನ್ನು ಪಕ್ಕಕ್ಕೆ ಕರೆದು ಜೇನಿನಂಥ ದನಿಯಲ್ಲಿ, “ಆದದ್ದು ಆಯ್ತು. ನಾನು ಮಾತಿಗೆ ತಪ್ಪೋನಲ್ಲ. ನಿನ್ನ ಪೂರ್ತಿ ದಿನ ನಿನಗೇ. ಈಗ ನೀನು ಒಳಗೆ ಹೋದ್ರೆ ಎಲ್ಲರೂ ಹೋಗ್ತಾರೆ” ಎಂದರು.

“ಇವಳಿಗೆ?”

“ಜಾಗ ಇರೋದು ಒಂದೇ ಅಲ್ಲವೇನಮ್ಮ. ನೀನು ಪೂರ್ತಿ ನಿಂತರೆ ಅವಳು ಎಲ್ಲಿ ನಿಲ್ತಾಳೆ?”

ಬೇರೆ ಜಾಗ ಎಲ್ಲಿ ಎಂದು ಸೊಸೆ ಕೇಳಿದ್ದಕ್ಕೆ ಇಷ್ಟು ದಿನದ ಮೇಲೆ ಉತ್ತರ ಸಿಕ್ಕಿತ್ತು. ಅತ್ತೆಯ ಪಿತ್ತ ನೆತ್ತಿಗೇರಿತು. “ಎರಡು ಕೆಲಸ ಸೃಷ್ಟಿ ಮಾಡಿದ್ದೀವಿ ಅಂತ ಈಗ ತಾನೇ ಹಾರ ಹಾಕಿಸ್ಕೊಂಡ್ರಲ್ಲ. ಹಾರ ಎರಡಕ್ಕೆ, ಜಾಗ ಒಂದಾ? ಇಬ್ಬರಿಗೂ ಪೂರ್ತಿ ದಿನ, ಪೂರ್ತಿ ಸಂಬಳ. ಇವಳಿಗೊಬ್ಬಳಿಗೇ ಅಲ್ಲ, ಇಲ್ಲಿರೋ ಎಲ್ಲರಿಗೂ. ರೋಲರು ಇನ್ನೊಂದು ತನ್ನಿ. ಬಟ್ಟೆಯೇನು ಕಮ್ಮಿ ಬೀಳ್ತಿದೆಯಾ?”

“ಆಗೋದಿಲ್ಲ ಅಂದ್ರೆ?”

“ಹಾಗಾದ್ರೆ ನಿಮ್ಮ ರೋಲರಿನ ಬಾಯಿಗೆ ಬಟ್ಟೆ ನೀವೇ ಕೊಡಿ. ಕೈ ಬೇಗ ಬಿಡಬೇಕು, ಮರೀಬೇಡಿ. ಸುಡುತ್ತೆ.”

ಅವಳು ಸೊಸೆಯ ಕೈ ಹಿಡಿದುಕೊಂಡು ನಡೆದಳು. ಮದುವೆಯಾಗಿ ಬಂದ ದಿನ ಹೊಸ್ತಿಲು ದಾಟಿಸಿದ್ದು ಬಿಟ್ಟರೆ ಅವಳು ಆ ಕೈ ಹಿಡಿದದ್ದು ಅದೇ ಮೊದಲು. ಕೈಗೆ ಚರಂಡಿಯ ವಾಸನೆಯಿತ್ತು, ಬಿಡಲಿಲ್ಲ. ಹಿಂದೆ ಕೆಮ್ಮಕ್ಕ ಬಂದಳು, ಅವಳ ನಾದಿನಿ ಬಂದಳು, ಮಡಿಸುವ ಮೇಜಿನವರು, ಕೊಳೆಬಟ್ಟೆಯವರು ಬಂದರು. ನಾಲ್ಕಾರು ಜನ ತಲೆ ತಗ್ಗಿಸಿ ಒಳಗೂ ಹೋದರು. ಅವರನ್ನು ಯಾರೂ ಬಯ್ಯಲಿಲ್ಲ, ಅವರವರ ಮನೆಯ ಒಲೆ ಅವರವರಿಗೆ ಗೊತ್ತು.

ಗೇಟಿನ ಆಚೆ ಕಾಂಪೌಂಡಿನ ಗೋಡೆಯುದ್ದಕ್ಕೂ ಮೊಣಕಾಲೆತ್ತರದ ಒಂದು ಕಟ್ಟೆಯಿತ್ತು. ಅದರ ಮೇಲೆ ಎಲ್ಲರೂ ಒತ್ತಾಗಿ ಕೂತರು. ಸೊಸೆ ಅತ್ತೆಯ ಪಕ್ಕ ಕೂತು, “ಪೂರ್ತಿ ದಿನ ಕೈಗೆ ಬಂದಿತ್ತಲ್ಲ ಅತ್ತೆ, ಬಿಟ್ಟುಬಿಟ್ರಲ್ಲ. ನಿಮಗೆ ಹುಚ್ಚಾ?” ಎಂದಳು. ಅವಳ ಕಣ್ಣು ತುಂಬಿತ್ತು.

“ಹೂಂ, ಹುಚ್ಚು. ನಿನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ರೆ ಇನ್ನೇನು ಹಿಡಿಯುತ್ತೆ?”

ಮಂತ್ರಿ ಬರುತ್ತಾರೆ, ಲಾಂಡ್ರಿಯಲ್ಲಿ ಕೆಲಸ ಕೊಡುತ್ತಾರಂತೆ ಎಂಬ ಸುದ್ದಿ ಕೇಳಿ ಗೇಟಿನ ಹೊರಗೆ ಬೆಳಗ್ಗೆಯಿಂದ ಒಂದಷ್ಟು ಜನ ನಿಂತಿದ್ದರು. ಪೀಪಿ ಗೇಟಿಗೆ ಬಂದು ಅವರತ್ತ ಕೈಬೀಸಿದ. “ಕೆಲಸ ಬೇಕಾದವರು ಬನ್ನಿ! ಈಗಲೇ, ಈ ಕ್ಷಣ!” ಗುಂಪು ಮುಂದಕ್ಕೆ ಜರುಗಿತು. ಅತ್ತೆ ಕಟ್ಟೆಯಿಂದ ಅರ್ಧ ಎದ್ದಳು. ಇವರು ಒಳಗೆ ಹೋದರೆ ಮುಗಿಯಿತು, ಅವಳ ಅರ್ಧವೂ ಇಲ್ಲ, ಸೊಸೆಯ ಅರ್ಧವೂ ಇಲ್ಲ.

ಗುಂಪಿನ ಮುಂದಿದ್ದ ಒಬ್ಬ ಹೆಂಗಸು ಗೇಟಿನ ಹತ್ತಿರ ನಿಂತಳು. ಕಂಕುಳಲ್ಲಿ ಕೂಸು, ಕಾಲಲ್ಲಿ ಏನೂ ಇಲ್ಲ. ಕಟ್ಟೆಯ ಮೇಲೆ ಸಾಲಾಗಿ ಕೂತವರನ್ನು, ಅವರ ಸುಟ್ಟ ಕೈಗಳನ್ನು, ಬಿರಿದ ಪಾದಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಅತ್ತೆಯನ್ನು ಕೇಳಿದಳು.

“ಅಕ್ಕಾ, ಒಳಗೆ ಕೆಲಸ ಇದೆಯಾ?”

“ಇದೆಯವ್ವ, ಬೇಕಾದಷ್ಟಿದೆ. ಕೆಲಸ ಸೃಷ್ಟಿ ಮಾಡಿಟ್ಟಿದ್ದಾರೆ, ಸಂಬಳ ಸೃಷ್ಟಿ ಮಾಡೋದು ಮರೆತಿದ್ದಾರೆ. ಅವರಿಗೆ ನೆನಪಾಗಲಿ ಅಂತ ಕೂತಿದ್ದೀವಿ.”

ಹೆಂಗಸು ಗೇಟಿನೊಳಗೆ ಒಮ್ಮೆ ನೋಡಿದಳು. ಪೀಪಿ ಕೈಬೀಸುತ್ತಲೇ ಇದ್ದ. ಕೂಸು ಅಳತೊಡಗಿತು, ಅವಳು ಅದನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಅಲ್ಲೇ ನಿಂತಳು.

ಅತ್ತೆ ಸೊಸೆಯನ್ನು ಮೊಳಕೈಯಿಂದ ತಿವಿದಳು. “ಸ್ವಲ್ಪ ಆ ಕಡೆ ಸರಿಯೇ. ಕೂಸು ಹೊತ್ಕೊಂಡು ನಿಂತಿದ್ದಾಳೆ, ಕಾಣಲ್ವಾ?”